ಕಲ್ಲನ್ನು ಕೆಳಗಿನಿಂದ ಓದಿ

ವಿಮಾನ ನಗರಕ್ಕೆ ಹೊಸದಾಗಿ ಬಂದ ಕನ್ನಡಿಗರು ಪುಣೆಯಲ್ಲಿ ಏನು ನೋಡೋಣವೆಂದು ಕೇಳಿದರೆ, ಶನಿವಾರವಾಡೆಗಿಂತ ಮೊದಲು ನಾನು ಖಡಕಿಯ ಯುದ್ಧ ಸ್ಮಶಾನದ ಹೆಸರು ಹೇಳುತ್ತೇನೆ. ಮಹಾಲಯ ಅಮಾವಾಸ್ಯೆ ಕಳೆದು, ಮಳೆ ಹಿಂದೆಗೆದು, ಹುಲ್ಲಿನ ಹಸಿರು ಇನ್ನೂ ಆರದ ಶರತ್ಕಾಲದ ಒಂದು ಬೆಳಿಗ್ಗೆ ಹೋಗಿ. ಸಮಾಧಿಗಳ ನಡುವೆ ನಡೆಯುವುದಕ್ಕೂ ಒಂದು ಅಭ್ಯಾಸ ಬೇಕು. ನಮಗೆ ಅದರ ಅರ್ಧ ಪಾಠ ಊರಲ್ಲೇ ಆಗಿರುತ್ತದೆ.

ವೀರಗಲ್ಲನ್ನು ನೆನೆಯಿರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ ಮತ್ತು ಸಾವು, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಸಾನ್ನಿಧ್ಯ. ‘ಬೆಂಗಳೂರ ಕಾಳಗ’ವನ್ನು ಹೆಸರಿಸುವ ಬೇಗೂರಿನ ಶಾಸನವೂ ಹೀಗೆ ಮಡಿದವನೊಬ್ಬನ ನೆನಪಿನದೇ. ನೋಟ ನೆಲದಿಂದ ಮೇಲಕ್ಕೇರಬೇಕು.

ಖಡಕಿಯಲ್ಲೂ ಹಾಗೇ ಮಾಡಿ. ಕಲ್ಲಿನ ಮೇಲ್ಭಾಗವೆಲ್ಲ ಸೈನ್ಯದ್ದು: ಪಡೆಯ ಲಾಂಛನ, ಸಂಖ್ಯೆ, ಹುದ್ದೆ, ಹೆಸರು, ತೀರಿದ ದಿನ. ತಳದಲ್ಲಿ, ಎಲ್ಲ ಕಲ್ಲಿಗೂ ಅಲ್ಲ, ಮನೆಯವರು ಆರಿಸಿ ಕಳಿಸಿದ ಪುಟ್ಟ ಸಾಲೊಂದಿರುತ್ತದೆ. ಮೊದಲು ಅದನ್ನು ಓದಿ, ಆಮೇಲೆ ವಯಸ್ಸು, ಕೊನೆಗೆ ಹುದ್ದೆ. ಆ ಕ್ರಮದಲ್ಲಿ ಓದಿದಾಗ ಅಲ್ಲಿ ಮಲಗಿರುವವನು ಮೊದಲು ಒಬ್ಬರ ಮಗ, ಆಮೇಲೆ ಸಿಪಾಯಿ. ಅಧಿಕಾರಿಗೂ ಸಾಮಾನ್ಯ ಸೈನಿಕನಿಗೂ ಒಂದೇ ಅಳತೆಯ ಕಲ್ಲು. 1917ರಲ್ಲಿ ಹುಟ್ಟಿದ ಯುದ್ಧ ಸಮಾಧಿಗಳ ಆಯೋಗ ಪಾಲಿಸಿಕೊಂಡು ಬಂದ ನಿಯಮವದು. ಸಮಾಧಿಗಳ ಎಲ್ಲ ಸಾಲುಗಳನ್ನೂ ಮುಗಿಸುವ ಹಟ ಬೇಡ, ಒಂದೇ ಸಾಲು ಸಾಕು.

ಎರಡನೆಯ ಮಹಾಯುದ್ಧದ 1,668 ಸಮಾಧಿಗಳು ಇಲ್ಲಿವೆ. ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ, ಮುಂದೆ ನೋಡಿಕೊಳ್ಳುವವರಿಲ್ಲದ ಕಡೆಗಳಿಂದ ತಂದು ಸೇರಿಸಿದವು ಇವು. ಮೊದಲನೆಯ ಯುದ್ಧಕಾಲದಲ್ಲಿ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಹೆಚ್ಚು ಜನರ ಹೆಸರುಗಳು ಇಲ್ಲಿನ ಸ್ಮಾರಕದಲ್ಲಿವೆ. ಅವರಲ್ಲಿ 629 ಮಂದಿಯ ಅವಶೇಷಗಳು 1962ರ ಜೂನ್‌ನಲ್ಲಿ ಮುಂಬೈಯ ಶಿವಡಿಯಿಂದ ಬಂದವು. ಸತ್ತ ಮೇಲೂ ಊರು ಬದಲಿಸಿದವರು ಇವರು. ಹೆಸರುಗಳ ಮುಂದೆ ನಿಂತಾಗ ಇದು ನೆನಪಿರಲಿ.

ಹಿಂದಿರುಗುವಾಗ ನಗರ ರಸ್ತೆಯಲ್ಲಿ, ನಮ್ಮ ಬಡಾವಣೆಗೆ ಹತ್ತಿರದಲ್ಲೇ ಇರುವ ಆಗಾ ಖಾನ್ ಅರಮನೆಗೆ ಹೋಗಿ. ಬಹಳ ಜನ ಒಳಗಿನ ಸಂಗ್ರಹಾಲಯ ನೋಡಿ ದಣಿದ ಮೇಲೆ ಹಿಂಭಾಗದ ಸಮಾಧಿಗಳತ್ತ ಒಮ್ಮೆ ಇಣುಕುತ್ತಾರೆ. ನೀವು ಮೊದಲು ಅಲ್ಲಿಗೇ ನಡೆಯಿರಿ. ಇಲ್ಲಿ ಓದಲು ಸಾಲುಗಟ್ಟಿದ ಕಲ್ಲುಗಳಿಲ್ಲ. ಕತೆಯನ್ನು ನೀವೇ ಹೊತ್ತು ತರಬೇಕು. 1942ರ ಆಗಸ್ಟ್ 9ರಂದು ಗಾಂಧೀಜಿಯೊಂದಿಗೆ ಬಂಧಿತರಾಗಿ ಈ ಅರಮನೆಯಲ್ಲಿ ಸೆರೆಯಿದ್ದ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ, ಆರೇ ದಿನದಲ್ಲಿ, 15ರಂದು ಇಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 50 ವರ್ಷ. ಅಂದಿನಿಂದ ಗಾಂಧೀಜಿ ದಹನದ ಜಾಗಕ್ಕೆ ನಡೆದು ಹೋಗಿ ಹೂವಿಡುವುದನ್ನು ದಿನಚರಿಯಾಗಿಸಿಕೊಂಡರು. 1944ರ ಫೆಬ್ರವರಿ 22ರ ಶಿವರಾತ್ರಿಯಂದು ಪತ್ನಿ ಕಸ್ತೂರಬಾ ಇಲ್ಲೇ ತೀರಿಕೊಂಡರು. ಅವರ ದಹನವೂ ಮಹಾದೇವರ ಪಕ್ಕದಲ್ಲೇ ಆಯಿತು. ಮೇ 6ರಂದು ಬಿಡುಗಡೆಯಾಗುವವರೆಗೂ ಆ ಮುದುಕ ನಡೆದು ಹೋಗಬೇಕಾಗಿದ್ದ ಜಾಗಗಳು ಈಗ ಎರಡು.