ನೋವಿನ ನರವಿಜ್ಞಾನದಲ್ಲಿ ಲಿಂಗಭೇದದ ಪ್ರಶ್ನೆ

ಹಲ್ಲಿಗೂ ನೋವು, ಮನಸ್ಸಿಗೂ ನೋವು ಎಂದು ಕನ್ನಡಿಗರು ಒಂದೇ ಮಾತನ್ನು ಬಳಸುತ್ತಾರೆ. ಈ ರೂಢಿಯು ಶಾಸ್ತ್ರಕ್ಕೂ ಸಮ್ಮತವಾದುದೇ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ೧೯೭೯ರಲ್ಲಿ ಪ್ರಕಟಿಸಿದ ಲಕ್ಷಣವಾಕ್ಯವೂ ೨೦೨೦ರಲ್ಲಿ ಅದಕ್ಕೆ ಮಾಡಿದ ಪರಿಷ್ಕರಣವೂ ನೋವನ್ನು ಇಂದ್ರಿಯಾನುಭವವೆಂದೂ ಭಾವಾನುಭವವೆಂದೂ ಒಟ್ಟಿಗೇ ಹೇಳುತ್ತವೆ. ಗಾಯ ಮಾಸಿದ ಮೇಲೂ ನೋವು ಉಳಿದುಬಿಡುವುದುಂಟು. ಅಂಥ ಎಷ್ಟೋ ಸಂದರ್ಭಗಳಲ್ಲಿ ಬೆನ್ನುಹುರಿ ಮತ್ತು ಮಿದುಳುಗಳೇ ಮಾರ್ಪಾಟು ಹೊಂದಿರುತ್ತವೆ. ಅನುಭವಕ್ಕೆ ತಕ್ಕಂತೆ ನರಮಂಡಲವು ತನ್ನ ರಚನೆಯನ್ನೂ ವ್ಯಾಪಾರವನ್ನೂ ಬದಲಾಯಿಸಿಕೊಳ್ಳುವ ಈ ಗುಣವನ್ನು ನಮ್ಯತೆಯೆಂದು ಕರೆಯಬಹುದು. ಅದು ಹೆಣ್ಣಿನಲ್ಲಿಯೂ ಗಂಡಿನಲ್ಲಿಯೂ ಒಂದೇ ಬಗೆಯದೆ ಎಂಬ ಪ್ರಶ್ನೆಯನ್ನೂ, ಅದಕ್ಕೆ ದೊರೆತಿರುವ ಉತ್ತರಗಳ ಬಲಾಬಲಗಳನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಬಹುಕಾಲ ಈ ಪ್ರಶ್ನೆಯನ್ನು ಕೇಳದೆಯೇ ಉತ್ತರ ಕೊಡಲಾಗಿತ್ತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೆಫ್ರಿ ಮೋಗಿಲ್ ಅವರೂ ಚಂದಾ ಅವರೂ ೨೦೦೫ರಲ್ಲಿ ‘ಪೇನ್’ ಎಂಬ ಪತ್ರಿಕೆಯ ಹಿಂದಿನ ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಎಣಿಸಿ ನೋಡಿದರು. ಅವುಗಳಲ್ಲಿ ಕನಿಷ್ಠ ಶೇಕಡ ೭೯ರಷ್ಟು ಗಂಡು ಪ್ರಾಣಿಗಳಿಂದಲೇ ನಡೆದಿದ್ದವು. ಲಿಂಗಭೇದವನ್ನು ಪರೀಕ್ಷಿಸುವ ಉದ್ದೇಶದಿಂದಲೇ ನಡೆದವು ಶೇಕಡ ೪ ಮಾತ್ರ. ಆದರೂ ಫಲಿತಾಂಶಗಳನ್ನು ಸಾಮಾನ್ಯವಾಗಿ ‘ಪ್ರಾಣಿಯ’ ನೋವಿನ ಕುರಿತಾದ ನಿಯಮಗಳಂತೆ ಬರೆಯಲಾಗುತ್ತಿತ್ತು.

ಇದಕ್ಕೆ ಕೊಡುತ್ತಿದ್ದ ಕಾರಣವನ್ನು ವಿಚಾರಿಸಬೇಕು. ಹೆಣ್ಣುಪ್ರಾಣಿಯಲ್ಲಿ ಋತುಚಕ್ರವಿರುವುದರಿಂದ ಅಳತೆಗಳು ಹೆಚ್ಚು ಚಂಚಲವಾಗುತ್ತವೆ ಎಂಬುದೇ ಆ ವಾದ. ಪ್ರೆಂಡರ್‌ಗಾಸ್ಟ್ ಮತ್ತು ಅವರ ಸಂಗಡಿಗರು ೨೦೧೪ರಲ್ಲಿ ೨೯೩ ಲೇಖನಗಳನ್ನು ಪರಿಶೀಲಿಸಿ, ಹೆಣ್ಣಿಲಿಗಳ ಅಳತೆಗಳು ಗಂಡಿಲಿಗಳ ಅಳತೆಗಳಿಗಿಂತ ಹೆಚ್ಚು ಚಂಚಲವಲ್ಲವೆಂದು ತೋರಿಸಿದರು. ವಾದವು ಇಲ್ಲಿಗೇ ದುರ್ಬಲವಾಯಿತು. ಇನ್ನು, ಋತುಚಕ್ರದಿಂದ ನರಮಂಡಲ ಬದಲಾಗುವುದೆಂದು ಒಪ್ಪಿಕೊಂಡರೂ ಆ ವಾದ ನಿಲ್ಲುವುದಿಲ್ಲ. ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಯೂವನ್ ಮೊದಲಾದವರು ೧೯೯೦ರಲ್ಲಿ ಹೆಣ್ಣಿಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ನರಕೋಶಗಳ ಕವಲುಗಳ ಮೇಲಿರುವ ಸೂಕ್ಷ್ಮ ಮುಳ್ಳುಗಳ ಸಾಂದ್ರತೆಯು ಕೆಲವೇ ದಿನಗಳ ಋತುಚಕ್ರದೊಳಗೆ ಏರಿಳಿಯುವುದನ್ನು ಕಂಡರು. ಟ್ರೇಸಿ ಶೋರ್ಸ್ ಮತ್ತು ಸಹೋದ್ಯೋಗಿಗಳು ೨೦೦೧ರಲ್ಲಿ, ಒಂದೇ ಬಗೆಯ ತೀವ್ರ ಒತ್ತಡದಿಂದ ಈ ಮುಳ್ಳುಗಳ ಸಾಂದ್ರತೆಯು ಗಂಡಿನಲ್ಲಿ ಹೆಚ್ಚುವುದನ್ನೂ, ಋತುಚಕ್ರದ ಒಂದು ಘಟ್ಟದಲ್ಲಿರುವ ಹೆಣ್ಣಿನಲ್ಲಿ ಕುಗ್ಗುವುದನ್ನೂ ವರದಿಮಾಡಿದರು. ಇಂಥ ಬದಲಾವಣೆಯೇ ನಮ್ಯತೆ. ನಮ್ಯತೆಯನ್ನು ಅರಿಯಹೊರಟ ಶಾಸ್ತ್ರವು ಅದು ಸ್ಪಷ್ಟವಾಗಿ ಕಾಣುವ ಪ್ರಾಣಿಯನ್ನೇ ಹೊರಗಿರಿಸುವುದು ಯುಕ್ತವಲ್ಲ.

ಹೀಗೆ ಹೊರಗಿರಿಸಿದುದರ ಬೆಲೆ ೨೦೧೫ರಲ್ಲಿ ತಿಳಿದುಬಂದಿತು. ನರಕ್ಕೆ ಗಾಯವಾದಾಗ ಬೆನ್ನುಹುರಿಯ ಮೈಕ್ರೋಗ್ಲಿಯಾ ಎಂಬ ಕೋಶಗಳು ಪ್ರಚೋದಿತವಾಗಿ ನೋವಿನ ಸಂವೇದನೆಯನ್ನು ಹೆಚ್ಚಿಸುತ್ತವೆಂಬುದು ಅಷ್ಟರಲ್ಲಿ ಪಾಠಪುಸ್ತಕದ ಮಾತಾಗುತ್ತ ಬಂದಿತ್ತು. ರಾಬರ್ಟ್ ಸೋರ್ಜ್, ಮೋಗಿಲ್, ಮೈಕೇಲ್ ಸಾಲ್ಟರ್ ಮೊದಲಾದವರು ಈ ವಿವರಣೆಯನ್ನು ಹೆಣ್ಣು ಗಂಡು ಇಲಿಗಳೆರಡರಲ್ಲಿಯೂ ಪರೀಕ್ಷಿಸಿದರು. ಗಾಯದ ಬಳಿಕ ಉಂಟಾದ ಅತಿಸಂವೇದನೆಯು ಎರಡರಲ್ಲಿಯೂ ಸಮಾನವಾಗಿತ್ತು. ಆದರೆ ಮೈಕ್ರೋಗ್ಲಿಯಾವನ್ನು ತಡೆದಾಗ ಗಂಡಿನಲ್ಲಿ ಮಾತ್ರ ಅದು ಶಮನವಾಯಿತು. ಹೆಣ್ಣಿನಲ್ಲಿ ಅದೇ ಕಾರ್ಯವನ್ನು ರೋಗನಿರೋಧಕ ವ್ಯವಸ್ಥೆಯ ಬೇರೆ ಕೋಶಗಳು, ಬಹುಶಃ ಟೀ ಕೋಶಗಳು, ನಡೆಸುತ್ತವೆಂದು ಅವರು ತೀರ್ಮಾನಿಸಿದರು.

ಈ ಪ್ರಬಂಧದ ಮಹತ್ವವು ನಮ್ಮ ಅಭಿಪ್ರಾಯದಲ್ಲಿ ಎರಡು ಬಗೆಯದು. ಹೊರಗಿನ ವರ್ತನೆ ಸಮಾನವಾಗಿದ್ದ ಮಾತ್ರಕ್ಕೆ ಒಳಗಿನ ಕಾರಣವೂ ಸಮಾನವೆಂದು ಊಹಿಸಲಾಗದೆಂಬುದು ಮೊದಲನೆಯದು. ಗಂಡಿನಲ್ಲಿ ಮಾತ್ರ ಪರೀಕ್ಷಿಸಿದ ಔಷಧವು ಹೆಣ್ಣಿಗೆ ನಿಷ್ಫಲವಾಗಬಹುದು. ಹೆಣ್ಣಿಗೆ ಉಪಯುಕ್ತವಾಗಬಹುದಾದುದು ಮೊದಲ ಹಂತದಲ್ಲಿಯೇ ತಿರಸ್ಕೃತವಾಗಬಹುದು. ಎರಡನೆಯದು ಇನ್ನೂ ಗಮನಾರ್ಹವಾದುದು. ಈ ಎರಡು ದಾರಿಗಳ ನಡುವೆ ದಾಟಲಾಗದ ಗೋಡೆಯೇನೂ ಇಲ್ಲ. ಟೀ ಕೋಶಗಳಿಲ್ಲದ ಹೆಣ್ಣಿಲಿಗಳು ಮೈಕ್ರೋಗ್ಲಿಯಾದ ದಾರಿಯನ್ನೇ ಹಿಡಿದವು. ಟೆಸ್ಟೊಸ್ಟೆರಾನ್ ಕೊಟ್ಟ ಹೆಣ್ಣಿಲಿಗಳೂ ಹಾಗೆಯೇ ಮಾಡಿದವು. ಗರ್ಭಧಾರಣೆಯಲ್ಲಿಯೂ ದಾರಿ ಬದಲಾಗುವುದನ್ನು ಅದೇ ಪರಂಪರೆಯ ೨೦೧೭ರ ಪ್ರಯೋಗಗಳು ತೋರಿಸಿದವು.

ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬೇಕಾಗಿದೆ. ಇಂಥ ಪ್ರಯೋಗಗಳಲ್ಲಿ ಅಳೆಯುವುದು ಇಲಿಯು ತನ್ನ ಪಾದವನ್ನು ಹಿಂದೆಗೆಯುವುದನ್ನು. ಅದು ಪ್ರತಿಕ್ರಿಯೆಯೇ ಹೊರತು ದುಃಖವಲ್ಲ. ಭಾವಾಂಶವು ಈ ಅಳತೆಗೆ ಸಿಕ್ಕುವುದು ಕಷ್ಟ. ಅಲ್ಲದೆ ಆ ಅಳತೆಯೂ ಪರಿಸರದಿಂದ ಕದಲುತ್ತದೆ: ಸಮೀಪದಲ್ಲಿ ಪುರುಷ ಪ್ರಯೋಗಕಾರನಿದ್ದರೆ ಅವನ ವಾಸನೆಯಿಂದಲೇ ಇಲಿಗಳಿಗೆ ಒತ್ತಡವುಂಟಾಗಿ ನೋವಿನ ವರ್ತನೆ ಕಡಮೆಯಾಗುವುದೆಂದು ಸೋರ್ಜ್ ಮತ್ತು ಮೋಗಿಲ್ ಅವರ ತಂಡವೇ ೨೦೧೪ರಲ್ಲಿ ತೋರಿಸಿತ್ತು. ಎರಡನೆಯದಾಗಿ, ಇಲಿಯಿಂದ ಮನುಷ್ಯನಿಗೆ ಒಮ್ಮೆಗೇ ನೆಗೆಯುವುದು ಸಲ್ಲದು. ಅಂಗದಾನಿಗಳ ಬೆನ್ನುಹುರಿಯ ಮೇಲೆ ಕೆನಡಾದಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಡೆಡೆಕ್ ಮೊದಲಾದವರ ಅಧ್ಯಯನವು, ನೋವನ್ನು ವರ್ಧಿಸುವ ಒಂದು ನರಪೋಷಕ ದ್ರವ್ಯದ ಪರಿಣಾಮವು ಗಂಡಸರಲ್ಲಿ ಕಾಣುವುದೆಂದೂ ಹೆಂಗಸರಲ್ಲಿ ಕಾಣದೆಂದೂ ತಿಳಿಸಿ ಈ ಅಂತರವನ್ನು ಕೆಲಮಟ್ಟಿಗೆ ತುಂಬಿದೆ. ಆದರೂ ಬೆನ್ನುಹುರಿಯ ತುಣುಕು ಭಾವದ ನೆಲೆಯಲ್ಲ.

ಹಳೆಯ ತಪ್ಪನ್ನು ತಿದ್ದುವ ಭರದಲ್ಲಿ ಹೊಸ ತಪ್ಪು ಮಾಡುವ ಅಪಾಯವೂ ಉಂಟು. ಹೆಣ್ಣಿನ ಮಿದುಳು ಒಂದು ಜಾತಿ, ಗಂಡಿನ ಮಿದುಳು ಇನ್ನೊಂದು ಜಾತಿ ಎಂಬ ಜನಪ್ರಿಯ ನಿರೂಪಣೆಗೆ ಮೇಲಿನ ಯಾವ ಪ್ರಯೋಗವೂ ಆಧಾರವಾಗದು. ಡಾಫ್ನಾ ಜೋಯಲ್ ಮತ್ತು ಸಂಗಡಿಗರು ೨೦೧೫ರಲ್ಲಿ ೧೪೦೦ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ಪರಿಶೀಲಿಸಿದಾಗ, ಬಹುತೇಕ ಮಿದುಳುಗಳು ಎರಡೂ ಕಡೆಯ ಲಕ್ಷಣಗಳ ಮಿಶ್ರಣವಾಗಿ ಕಂಡವು. ಅವರ ವಿಧಾನವನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೂ ಗುಂಪಿನ ಸರಾಸರಿಯು ವ್ಯಕ್ತಿಯ ಸ್ವಭಾವವಲ್ಲವೆಂಬ ಎಚ್ಚರಿಕೆ ಉಳಿಯುತ್ತದೆ.

ಈ ಎಚ್ಚರಿಕೆ ಕೇವಲ ಶಾಸ್ತ್ರಚರ್ಚೆಗೆ ಸಂಬಂಧಿಸಿದುದಲ್ಲ. ಅರೆತಲೆನೋವು, ಫೈಬ್ರೋಮಯಾಲ್ಜಿಯಾ ಮೊದಲಾದ ದೀರ್ಘಕಾಲದ ನೋವುಗಳಿಂದ ಬಳಲುವವರಲ್ಲಿ ಹೆಚ್ಚಿನವರು ಹೆಂಗಸರು. ಹೀಗಿದ್ದೂ ಅವರ ನೋವನ್ನು ‘ಮನಸ್ಸಿನದು’ ಎಂದು ತಳ್ಳಿಹಾಕುವ ಪ್ರವೃತ್ತಿ ವೈದ್ಯರಲ್ಲಿಯೂ ಉಂಟೆಂಬುದನ್ನು ಹಾಫ್‌ಮನ್ ಮತ್ತು ಟಾರ್ಜಿಯನ್ ಅವರು ೨೦೦೧ರಲ್ಲಿಯೇ ವಿವರವಾಗಿ ಚರ್ಚಿಸಿದ್ದಾರೆ. ಭಾವವೂ ನರಕೋಶಗಳ ವ್ಯಾಪಾರವೇ ಆಗಿರುವಾಗ ‘ಮನಸ್ಸಿನದು’ ಎಂಬುದು ರೋಗನಿರ್ಣಯವೂ ಆಗದು, ನಿರಾಕರಣೆಗೆ ನೆಪವೂ ಆಗದು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ತಮ್ಮ ಧನಸಹಾಯ ಬೇಡುವ ಸಂಶೋಧಕರು ಲಿಂಗವನ್ನು ಒಂದು ಜೈವಿಕ ಅಂಶವಾಗಿ ಪರಿಗಣಿಸಬೇಕೆಂಬ ನೀತಿಯನ್ನು ೨೦೧೬ರಿಂದ ಜಾರಿಗೆ ತಂದವು. ಇದು ಸ್ವಾಗತಾರ್ಹವಾದರೂ ಸಾಲದು. ಒಂದು ಗುಂಪಿನಲ್ಲಿ ಪರಿಣಾಮ ಕಂಡಿತು, ಇನ್ನೊಂದರಲ್ಲಿ ಕಾಣಲಿಲ್ಲ ಎಂಬಷ್ಟರಿಂದ ಭೇದ ಸಿದ್ಧವಾಗದು. ಎರಡು ಪರಿಣಾಮಗಳನ್ನು ನೇರವಾಗಿ ಹೋಲಿಸಬೇಕು. ಈ ಬಗೆಯ ಪ್ರಬಂಧವನ್ನೋದುವ ವಿದ್ಯಾರ್ಥಿಯು ಯಾವ ಪ್ರಾಣಿಯನ್ನು ಅಳೆದರು, ಏನನ್ನು ಅಳೆದರು, ಹೋಲಿಕೆಯನ್ನು ಹೇಗೆ ಮಾಡಿದರು ಎಂಬ ಮೂರನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಅಧ್ಯಾಪಕರು ಅದನ್ನು ತರಗತಿಯಲ್ಲಿ ಕಲಿಸುವುದಾದರೆ ಶಾಸ್ತ್ರಕ್ಕೂ ರೋಗಿಗಳಿಗೂ ಉಪಕಾರವಾದೀತು.