‘ಕೊಂಡೆ’ ಎನ್ನದೆ ‘ತರಿಸಿದೆ’ ಎನ್ನುವವರು

ಇಂದಿನ ಹುಡುಗ ಹುಡುಗಿಯರ ಬಗ್ಗೆ ನಮ್ಮ ವಿಚಾರಗೋಷ್ಠಿಗಳಲ್ಲಿ ಮಾತು ಬಂದಾಗಲೆಲ್ಲ ಒಂದು ಪದ ಕರೆಯದೆಯೇ ಬಂದು ಕೂರುತ್ತದೆ: ‘ಕೊಳ್ಳುಬಾಕ’. ‘ಕೊಳ್ಳುಬಾಕ ಸಂಸ್ಕೃತಿ’ ಎಂದುಬಿಟ್ಟರೆ ಹೇಳಬೇಕಾದ್ದೆಲ್ಲ ಮುಗಿದ ಹಾಗೆ. 1991ರ ಉದಾರೀಕರಣದ ನಂತರ ಜಾಗತೀಕರಣದ ಚರ್ಚೆ ಬಿಸಿಯೇರಿದ ಕಾಲದಲ್ಲಿ ಈ ಪದ ನಮ್ಮ ವಿಮರ್ಶೆಯ ದಿನಬಳಕೆಗೆ ಸೇರಿತು. ಅದು ನಿಲ್ಲುವುದು ಹೊಟ್ಟೆಬಾಕ, ತಿಂಡಿಬಾಕಗಳ ಸಾಲಿನಲ್ಲಿ. ಹಾಗಾಗಿ ಅದು ವಿವರಿಸುವುದಕ್ಕೆ ಮೊದಲೇ ಬೈದಿರುತ್ತದೆ. ಯಾರು ಕೊಳ್ಳುತ್ತಾರೆ, ಏನನ್ನು, ಯಾರ ಕಣ್ಣೆದುರು, ಯಾರ ದುಡ್ಡಿನಲ್ಲಿ ಎಂಬ ಪ್ರಶ್ನೆಗಳನ್ನು ಕೇಳುವ ಅಗತ್ಯವೇ ಉಳಿಯುವುದಿಲ್ಲ.

ಈ ಪದವನ್ನು ಸ್ವಲ್ಪ ಕಾಲ ಪಕ್ಕಕ್ಕಿಟ್ಟು ಹದಿಹರೆಯದವರು ತಾವೇ ಆಡುವ ಮಾತನ್ನು ಕೇಳಿಸಿಕೊಳ್ಳಬೇಕು ಎಂಬುದು ಈ ಬರಹದ ವಾದ. ವಾರಕ್ಕೆ ಕೆಲವು ಗಂಟೆ ನಾನು ಪಾಠ ಮಾಡುವ ಪದವಿ ಮೊದಲ ವರ್ಷದ ತರಗತಿಯಲ್ಲಿ ಯಾರಾದರೂ ಹೊಸ ಕುರ್ತಿ ಹಾಕಿಕೊಂಡು ಬಂದರೆ ‘ಎಲ್ಲಿ ತಗೊಂಡೆ?’ ಎಂದು ಕೇಳುವವಳು ನಾನೊಬ್ಬಳೇ. ಉತ್ತರ ಬರುವುದು ಬೇರೆ ಕ್ರಿಯಾಪದದಲ್ಲಿ: ‘ಮೀಶೋದಲ್ಲಿ ತರಿಸ್ದೆ ಮೇಡಂ.’ ಕೊಂಡೆ ಅಲ್ಲ, ತಗೊಂಡೆ ಅಲ್ಲ, ತರಿಸಿದೆ. ಸಣ್ಣ ವ್ಯತ್ಯಾಸವೆಂದು ಇದನ್ನು ಬಿಟ್ಟುಬಿಡಬಹುದಿತ್ತು. ಆದರೆ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸಣ್ಣ ವ್ಯತ್ಯಾಸಗಳಿಂದಲೇ ಓದು ಶುರುಮಾಡುವವರು.

ಕೊಳ್ಳುವವರಿಗೆ ಕನ್ನಡ ಕೊಟ್ಟಿರುವ ಹೆಸರುಗಳನ್ನು ಮೊದಲು ನೋಡೋಣ. ಸಂತೆಯಲ್ಲಿ ಅವರು ‘ಗಿರಾಕಿ’. ಚೌಕಾಸಿ ಮಾಡುವ, ಜಗಳ ಆಡುವ, ಉದ್ರಿ ಕೇಳುವ ಮನುಷ್ಯ ಆ ಪದದೊಳಗೆ ಇದ್ದಾನೆ. ‘ಅವನೊಬ್ಬ ಗಿರಾಕಿ’ ಎಂದು ಸ್ವಭಾವಕ್ಕೂ ಅದನ್ನು ಬಳಸುತ್ತೇವೆ. ನ್ಯಾಯಬೆಲೆ ಅಂಗಡಿಯ ಮುಂದೆ ಅವರು ‘ಕಾರ್ಡುದಾರರು’. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಹೊತ್ತಿಗೆ ಹಕ್ಕುಗಳಿರುವ ‘ಗ್ರಾಹಕ’. ವಿಮರ್ಶೆಯಲ್ಲಿ ‘ಕೊಳ್ಳುಬಾಕ’. ಈ ಸಾಲಿನಲ್ಲಿ ಕೊನೆಯದು ಮಾತ್ರ ಯಾರೂ ತಮ್ಮನ್ನು ತಾವು ಕರೆದುಕೊಳ್ಳದ ಹೆಸರು. ‘ನಾನೊಬ್ಬ ಗ್ರಾಹಕಿ, ರಸೀದಿ ಕೊಡಿ’ ಎನ್ನಬಹುದು. ‘ನಾನೊಬ್ಬಳು ಕೊಳ್ಳುಬಾಕಿ’ ಎಂದು ಯಾರು ಹೇಳುತ್ತಾರೆ? ಅದು ಯಾವಾಗಲೂ ಇನ್ನೊಬ್ಬರ ಮೇಲೆ, ಅದರಲ್ಲೂ ತಮಗಿಂತ ಕಿರಿಯರ ಮೇಲೆ ಹೊರಿಸುವ ಪದ.

ನಮ್ಮ ಕಥನ ಸಾಹಿತ್ಯ ಈ ವಿಷಯದಲ್ಲಿ ವಿಮರ್ಶೆಗಿಂತ ಉದಾರವಾಗಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯನ ಬೈಸಿಕಲ್ಲು ಊರಿಗೆ ಬರುವ ಪ್ರಸಂಗ ನೆನಪಿಸಿಕೊಳ್ಳಿ. ಊರವರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಅರ್ಥವಾಗದ ವಸ್ತುವನ್ನು ಅರ್ಥವಾಗುವ ಮನೆಸಾಮಾನಿಗೆ ಕಟ್ಟಿಹಾಕುವ ಆ ಪ್ರಯತ್ನ ನಗು ತರಿಸುತ್ತದೆ. ಆದರೆ ಬೆಟ್ಟಳ್ಳಿಯ ದೇವಯ್ಯನಿಗೆ ಅದು ನಗುವ ವಿಷಯವಲ್ಲ. ದೇವಯ್ಯ ಹದಿಹರೆಯದವನಲ್ಲ, ಮದುವೆಯಾದವನು. ಆದರೂ ಅಪ್ಪನ ಯಜಮಾನಿಕೆಯ ಕೆಳಗೆ ಇನ್ನೂ ‘ಹುಡುಗ’ನೇ. ಕ್ರಾಪು, ಬೈಸಿಕಲ್ಲು, ಪಾದ್ರಿಯ ಮತ ಇವು ಅವನ ಸೆಳೆತದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಅವನು ಬಯಸುತ್ತಿರುವುದು ವಸ್ತುವನ್ನೋ ಅಥವಾ ತಾನು ಬೇರೆಯವನಾಗಬಹುದೆಂಬ ಸಾಧ್ಯತೆಯನ್ನೋ ಎಂದು ಬಿಡಿಸಿ ಹೇಳಲಾಗದು. ಕಾದಂಬರಿ ಅವನನ್ನು ಗೇಲಿ ಮಾಡುತ್ತದೆ, ಆದರೆ ಅವನ ಬಯಕೆಯನ್ನು ಬರೀ ಷೋಕಿ ಎಂದು ತಳ್ಳಿಹಾಕುವುದಿಲ್ಲ.

ಇನ್ನೊಂದು ಉದಾಹರಣೆ ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಮನೆಯವರೆಲ್ಲ ಒಂದು ರಾತ್ರಿ ಕದ್ದು ತಂದ ಕಡಲೆಕಾಯಿಯನ್ನು ಸುತ್ತ ಕೂತು ತಿಂದು ಮುಗಿಸುವ ಭಾಗವನ್ನು ನಾವು ಹಸಿವಿನ ಚಿತ್ರವೆಂದು ಓದುತ್ತ, ಪಾಠ ಮಾಡುತ್ತ ಬಂದಿದ್ದೇವೆ. ಅದು ಹಸಿವಿನ ಚಿತ್ರ ಹೌದು. ಆದರೆ ಆ ರಾತ್ರಿಯಲ್ಲಿ ರುಚಿ ಇದೆ, ಸಂಭ್ರಮ ಇದೆ, ಒಟ್ಟಿಗೆ ಕೂತ ಖುಷಿ ಇದೆ. ಬೆಳಗಾದರೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ ಎಂಬುದು ಆ ಖುಷಿಯನ್ನು ಇನ್ನಷ್ಟು ತೀವ್ರವಾಗಿಸುತ್ತದೆ. ಬಡವರ ಸುಖವನ್ನು ನಾವು ‘ಹಸಿವು’ ಎಂದು ಕರೆದೆವು. ಅವರ ಮೊಮ್ಮಕ್ಕಳ ಕೈಗೆ ನಾಲ್ಕು ಕಾಸು ಬಂದು, ಅವರೂ ಬಣ್ಣದ ಶೂ ಹಾಕಿಕೊಂಡಾಗ ಅದನ್ನು ‘ಕೊಳ್ಳುಬಾಕತನ’ ಎಂದು ಕರೆಯುತ್ತಿದ್ದೇವೆ. ಎರಡೂ ಕಡೆ ಸುಖ ಎಂಬ ಸರಳ ಪದ ನಮ್ಮ ನಾಲಿಗೆಗೆ ಬರುವುದಿಲ್ಲ.

ಮೂರನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಹಣ ಬಂದ ಮೇಲೆ ಕುಟುಂಬ ಕೆಡುತ್ತದೆ ಎಂಬ ನೀತಿಯನ್ನು ಈ ಕಥೆಯಿಂದ ಎತ್ತಿಕೊಳ್ಳುವುದು ಸುಲಭ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಖರ್ಚಿಗೆ ಸಾಕ್ಷಿಯಾಗುವವರ ಪ್ರಶ್ನೆ. ಇರುವೆಗಳ ಕಾಟದ ಸಣ್ಣ ಮನೆಯಲ್ಲಿದ್ದಾಗ ಅಪ್ಪನ ಸಂಬಳದಲ್ಲಿ ಪ್ರತಿ ಖರ್ಚೂ ಎಲ್ಲರಿಗೂ ಗೊತ್ತಿರುವ ಖರ್ಚು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು ದೊಡ್ಡ ಮನೆಗೆ ಹೋದ ಮೇಲೆ ಒಬ್ಬರು ತಂದದ್ದು ಇನ್ನೊಬ್ಬರಿಗೆ ಗೊತ್ತಾಗಬೇಕಾದ ಅಗತ್ಯವೇ ಇಲ್ಲ. ಕೊಳ್ಳುವುದು ಒಂದು ಕುಟುಂಬದ ಕೆಲಸವಾಗಿದ್ದದ್ದು ಒಬ್ಬೊಬ್ಬರ ಕೆಲಸವಾಗಿಬಿಡುವ ಆ ಘಳಿಗೆಯನ್ನು ಶಾನಭಾಗರು ನಿಖರವಾಗಿ ಹಿಡಿದಿದ್ದಾರೆ. ಇಂದು ಅದೇ ಘಳಿಗೆ ದೊಡ್ಡ ಮನೆಗೆ ಹೋಗದವರ ಬದುಕಿಗೂ ಬಂದಿದೆ. ಬಂದದ್ದು ಹಣದ ಮೂಲಕ ಅಲ್ಲ, ಫೋನಿನ ಮೂಲಕ.

ಇದು ಆದದ್ದು ಬಹಳ ಬೇಗ. ಫ್ಲಿಪ್‌ಕಾರ್ಟ್, ಮಿಂತ್ರಾ ಎರಡೂ 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವು. ಮೀಶೋ ಅಲ್ಲೇ 2015ರಲ್ಲಿ ಶುರುವಾಯಿತು. ಅದು ಮೊದಮೊದಲು ನಂಬಿಕೊಂಡದ್ದು ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಪರಿಚಯದವರಿಗೆ ಸೀರೆ, ಕುರ್ತಿ ಮಾರುತ್ತಿದ್ದ ಗೃಹಿಣಿಯರನ್ನು. 2016ರಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಯುಪಿಐ ಶುರುವಾದದ್ದೂ ಅದೇ ವರ್ಷ. ಆದರೆ ಹದಿನೇಳರ ಹುಡುಗಿಗೆ ನಿಜವಾಗಿ ಬಾಗಿಲು ತೆರೆದದ್ದು ಇವುಗಳಿಗಿಂತ ಹಳೆಯ ಒಂದು ಏರ್ಪಾಡು: ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡುವುದು. 1872ರ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅವಳಿಗೆ ಕಾರ್ಡಿಲ್ಲ, ಹಲವು ಸಲ ತನ್ನದೇ ಬ್ಯಾಂಕ್ ಖಾತೆಯೂ ಇಲ್ಲ. ಆದರೆ ಬಾಗಿಲಿಗೆ ಬಂದವನ ಕೈಗೆ ಇನ್ನೂರೈವತ್ತು ರೂಪಾಯಿ ಇಡುವುದಕ್ಕೆ ಯಾರ ಸಹಿಯೂ ಬೇಕಿಲ್ಲ.

‘ಬಾಕ’ ಎಂಬ ಪ್ರತ್ಯಯ ಎಷ್ಟು ತಪ್ಪು ದಾರಿಗೆಳೆಯುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಈ ಹುಡುಗಿಯರು ಬಹುಪಾಲು ಸಮಯ ಕೊಳ್ಳುವುದೇ ಇಲ್ಲ. ನೋಡುತ್ತಾರೆ. ಕಾರ್ಟಿಗೆ ಹಾಕಿಡುತ್ತಾರೆ. ಸ್ಕ್ರೀನ್‌ಶಾಟ್ ತೆಗೆದು ಗೆಳತಿಗೆ ಕಳಿಸಿ ‘ಹೆಂಗಿದೆ?’ ಎಂದು ಕೇಳುತ್ತಾರೆ. ಬೆಲೆ ಇಳಿಯಲಿ ಎಂದು ವಾರಗಟ್ಟಲೆ ಕಾಯುತ್ತಾರೆ. ತರಿಸಿದ್ದು ಹಿಡಿಸದಿದ್ದರೆ ವಾಪಸ್ ಕಳಿಸುತ್ತಾರೆ. ಇದರಲ್ಲಿ ಕಬಳಿಸುವ ಆತುರಕ್ಕಿಂತ ಆಯ್ಕೆ ಮಾಡುವ ಅಭ್ಯಾಸ ಹೆಚ್ಚಿದೆ. ತನ್ನ ರುಚಿ ಯಾವುದು ಎಂದು ಅಪ್ಪ, ಅಣ್ಣ, ಅಂಗಡಿಯವನ ಸಲಹೆಯಿಲ್ಲದೆ ಕಂಡುಕೊಳ್ಳುವ ಪ್ರಯತ್ನ ಇದೆ.

ಅಂಗಡಿ ಎಂದರೇನಾಗಿತ್ತು ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಊರ ಅಂಗಡಿಯ ಬಗ್ಗೆ ನಮ್ಮ ಪ್ರಬಂಧ ಸಾಹಿತ್ಯದಲ್ಲಿ ಬೇಕಾದಷ್ಟು ಹಂಬಲವಿದೆ: ಗಾಜಿನ ಭರಣಿ, ಪೇಪರಿನ ಪೊಟ್ಟಣ, ಶೆಟ್ಟರ ಲೆಕ್ಕದ ಪುಸ್ತಕ. ಆದರೆ ಆ ಅಂಗಡಿಯ ಕಟ್ಟೆಯ ಮೇಲೆ ಕೂತವರು ಯಾರು? ಹುಡುಗಿಯೊಬ್ಬಳು ಒಳಉಡುಪು ಕೇಳಬೇಕಾದರೆ ಗಂಡಸರೆಲ್ಲ ಹೋಗುವವರೆಗೆ ಕಾದು, ಅಳತೆಯನ್ನು ಪಿಸುಗುಟ್ಟಬೇಕಿತ್ತು. ಸ್ಯಾನಿಟರಿ ಪ್ಯಾಡನ್ನು ಈಗಲೂ ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುವ ಮೆಡಿಕಲ್ ಅಂಗಡಿಗಳಿವೆ. ಜಾತಿಯ ವಿಷಯವಂತೂ ಇನ್ನೂ ಕಠಿಣ. ಅರವಿಂದ ಮಾಲಗತ್ತಿ ಅವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಓದಿದವರು ಊರಿನ ಪೇಟೆಬೀದಿಯನ್ನು ಎಲ್ಲರಿಗೂ ಸಮಾನವಾಗಿ ತೆರೆದಿದ್ದ ಜಾಗವೆಂದು ನೆನೆಯಲಾರರು. ದುಡ್ಡನ್ನು ಕೆಳಗಿಡಿಸಿ ನೀರು ಚಿಮುಕಿಸಿ ಎತ್ತಿಕೊಳ್ಳುವ, ಸಾಮಾನನ್ನು ಮೇಲಿಂದ ಕೈಗೆ ಬೀಳಿಸುವ ಅಂಗಡಿಗಳಿದ್ದವು. ಅಂಥ ಅಂಗಡಿ ಕಳೆದುಹೋಯಿತೆಂದು ಅಳುವ ಹಂಬಲ ಎಲ್ಲರದ್ದೂ ಆಗಿರಲು ಸಾಧ್ಯವಿಲ್ಲ.

ಈ ಹಿನ್ನೆಲೆಯಲ್ಲಿ ‘ತರಿಸು’ ಎಂಬ ಕ್ರಿಯಾಪದಕ್ಕೆ ಮರಳೋಣ. ವ್ಯಾಕರಣದಲ್ಲಿ ಅದು ಪ್ರೇರಣಾರ್ಥಕ. ತಾನು ಮಾಡದೆ ಇನ್ನೊಬ್ಬರಿಂದ ಮಾಡಿಸುವುದು. ಕಟ್ಟಿಸು, ಬರೆಯಿಸು, ಹೊರಿಸು ಇದ್ದ ಹಾಗೆ. ನಮ್ಮ ಹಳೆಯ ಕಥೆಗಳಲ್ಲಿ ಈ ಕ್ರಿಯಾಪದ ಸಾಮಾನ್ಯವಾಗಿ ಯಾರ ಪಾಲಿನದು? ಗೌಡರು ಪೇಟೆಯಿಂದ ತರಿಸಿದರು, ಸಾಹುಕಾರರು ಬೊಂಬಾಯಿಯಿಂದ ತರಿಸಿದರು. ತರುವವರು ಬೇರೆ: ಆಳು, ಗಾಡಿ ಹೊಡೆಯುವವ, ತಲೆಹೊರೆಯವ. ಕೂಲಿ ಮಾಡುವ ತಾಯಿಯ ಮಗಳು ಇಂದು ‘ತರಿಸ್ದೆ’ ಎನ್ನುವಾಗ ಭಾಷೆಯಲ್ಲಿ ಒಂದು ಸ್ಥಾನಪಲ್ಲಟ ಆಗಿದೆ. ತಲೆಮಾರುಗಳ ಕಾಲ ‘ತರುವ’ ಕಡೆ ಇದ್ದವರ ಮಗಳು ‘ತರಿಸುವ’ ಕಡೆ ಬಂದಿದ್ದಾಳೆ. ಪಾರ್ಸೆಲ್ಲಿನ ಮೇಲೆ ಅವಳ ಹೆಸರು ಅಚ್ಚಾಗಿದೆ. ಇದನ್ನು ಬಂಡವಾಳದ ಮರುಳು ಎಂದಷ್ಟೇ ಓದುವ ವಿಮರ್ಶೆಗೆ ಆ ಅಚ್ಚಾದ ಹೆಸರಿನ ತೂಕ ಗೊತ್ತಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನೂ ಅರ್ಧ ಓದಿದ ಹಾಗೆ. ಪ್ರೇರಣಾರ್ಥಕಕ್ಕೆ ಇನ್ನೊಂದು ಗುಣವಿದೆ. ‘ನಾನು ತರಿಸಿದೆ’ ಎಂಬ ವಾಕ್ಯ ಪೂರ್ಣವಾಗಲು ತಂದವನ ಹೆಸರು ಬೇಕಾಗಿಲ್ಲ. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಬೈಕಿನಲ್ಲಿ ಬಂದವನು ಅವಳಿಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವನಿರಬಹುದು. ಅವಳ ಅಣ್ಣನೇ ಬೇರೊಂದು ಬಡಾವಣೆಯಲ್ಲಿ ಇದೇ ಕೆಲಸ ಮಾಡುತ್ತಿರಬಹುದು. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದು, ಅವರಿಗೆ ಪ್ರತಿ ವಹಿವಾಟಿನಲ್ಲಿ ಸಿಗುವ ಸಂಭಾವನೆಯ ಮೇಲೆ ಕಂಪನಿಗಳು ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂದು ಹೇಳಿತು. ಕಾನೂನಿಗೆ ಕಂಡ ಈ ಮನುಷ್ಯ ನಮ್ಮ ವಾಕ್ಯಕ್ಕೆ ಇನ್ನೂ ಕಂಡಿಲ್ಲ. ಒಂದು ತಲೆಮಾರು ಯಜಮಾನಿಕೆಯ ಕ್ರಿಯಾಪದವನ್ನು ಪಡೆದುಕೊಂಡಾಗ ಅದರೊಳಗಿನ ಕುರುಡನ್ನೂ ಜೊತೆಗೇ ಪಡೆಯುತ್ತದೆ.

ಅಂಗಡಿಯವನ ಕಣ್ಣು ತಪ್ಪಿದ್ದೂ ಪೂರ್ತಿ ನಿಜವಲ್ಲ. ಡೆಲಿವರಿಯವನು ಫೋನ್ ಮಾಡಿ ಮೊದಲು ಕೇಳುವುದು ‘ಲ್ಯಾಂಡ್‌ಮಾರ್ಕ್ ಹೇಳಿ’ ಎಂದು. ಗುಡಿಯ ಹಿಂದಿನ ಬೀದಿಯೋ, ಮಸೀದಿಯ ಪಕ್ಕವೋ, ಅಂಬೇಡ್ಕರ್ ಭವನದ ಎದುರೋ? ಜಾತಿ ಕೇಳದ ಆ್ಯಪಿನ ವ್ಯಾಪಾರ ಕೊನೆಯ ಇನ್ನೂರು ಮೀಟರಿನಲ್ಲಿ ಊರಿನ ನಕಾಶೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಕೆಲವರು ಪಾರ್ಸೆಲ್ಲನ್ನು ಬಸ್ ಸ್ಟ್ಯಾಂಡಿನಲ್ಲೇ ಇಸಿದುಕೊಳ್ಳುವುದಕ್ಕೆ ಅನುಕೂಲವೊಂದೇ ಕಾರಣ ಇರಲಾರದು.

ಇನ್ನು ಫೋನಿನ ಕಣ್ಣು. ಅಂಗಡಿಯವನಿಗೆ ನೀವು ಇಂಥವರ ಮಗಳೆಂದು ಗೊತ್ತಿತ್ತು. ಫೋನಿಗೆ ಗೊತ್ತಿರುವುದು ನೀವು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತಿರಿ ಎಂಬುದು. ‘ಇನ್ನೆರಡೇ ಉಳಿದಿವೆ’ ಎಂದು ಅವಸರಿಸುವ, ರಿಯಾಯಿತಿ ಬೇಡವೆಂದರೆ ನಾಚಿಕೆಪಡಿಸುವ ಜಾಣತನಗಳನ್ನು ಕೇಂದ್ರ ಸರ್ಕಾರ 2023ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಗುರುತಿಸಿ, ಹದಿಮೂರು ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅದೇ ವರ್ಷದ ದತ್ತಾಂಶ ರಕ್ಷಣಾ ಕಾಯ್ದೆ, ಹದಿನೆಂಟರೊಳಗಿನವರ ಚಲನವಲನವನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ತೋರಿಸಬಾರದು ಎನ್ನುತ್ತದೆ. ಆದರೆ ಅಮ್ಮನ ಹೆಸರಿನ ಸಿಮ್ಮು, ಅಣ್ಣನ ಹಳೆಯ ಫೋನಿನಲ್ಲಿ ನೋಡುವ ಹುಡುಗಿಯನ್ನು ಕಾನೂನು ‘ಮಗು’ ಎಂದು ಗುರುತಿಸುವುದಾದರೂ ಹೇಗೆ? ಅವಳಿಗೆ ಅಂಗಡಿಯ ಕಟ್ಟೆಯಿಂದ ಸಿಕ್ಕ ಬಿಡುಗಡೆ ನಿಜ. ಆ ಬಿಡುಗಡೆಯನ್ನೇ ಸರಕಾಗಿ ಮಾರುವ ವ್ಯವಸ್ಥೆಯೂ ಅಷ್ಟೇ ನಿಜ.

ಎರಡನ್ನೂ ಒಟ್ಟಿಗೆ ಹೇಳುವ ಶಕ್ತಿ ‘ಕೊಳ್ಳುಬಾಕ’ ಎಂಬ ಪದಕ್ಕಿಲ್ಲ. ಅದು ವ್ಯವಸ್ಥೆಯನ್ನು ಟೀಕಿಸಲು ಹೊರಟು ಹುಡುಗಿಯನ್ನು ಬೈದು ಮನೆಗೆ ಬರುತ್ತದೆ. ಜಾಗತೀಕರಣವನ್ನು ವಿರೋಧಿಸಿದ ನಮ್ಮ ಹಿರಿಯರ ಕಾಳಜಿಯನ್ನು ನಾನು ಹಗುರಾಗಿ ಕಾಣುತ್ತಿಲ್ಲ. ರೈತ ಚಳವಳಿ ಮತ್ತು ಸ್ವದೇಶಿಯ ಚರ್ಚೆಗಳು ಎತ್ತಿದ ಪ್ರಶ್ನೆಗಳು ಇನ್ನೂ ಹಾಗೇ ಇವೆ. ಆದರೆ ಸರಳ ಬದುಕನ್ನು ಆರಿಸಿಕೊಂಡವರ ಸರಳತೆ ಬೇರೆ, ಬೇರೆ ದಾರಿಯಿಲ್ಲದೆ ಸರಳವಾಗಿದ್ದವರ ಸರಳತೆ ಬೇರೆ. ಎರಡನೆಯವರ ಮಕ್ಕಳಿಗೆ ಮೊದಲನೆಯವರ ಆದರ್ಶವನ್ನು ಬೋಧಿಸುವ ಮುನ್ನ ವಿಮರ್ಶೆ ತುಸು ಹಿಂಜರಿಯಬೇಕು.

ನಮ್ಮ ಹೊಸ ಕಥೆಗಾರರಲ್ಲಿ ಹಲವರು ಇದೇ ತಲೆಮಾರಿನವರು, ಇದೇ ಫೋನುಗಳನ್ನು ಹಿಡಿದವರು. ಆದರೂ ಕಥೆ ಬರೆಯಲು ಕೂತಾಗ ಸಂತೆ, ಜಾತ್ರೆ, ಬಳೆಗಾರರ ಕಡೆಗೇ ಮನಸ್ಸು ಓಡುತ್ತದೆ. ಕಾರ್ಟಿನಲ್ಲಿ ಮೂರು ತಿಂಗಳಿಂದ ಕೂತಿರುವ ಒಂದು ಜೊತೆ ಶೂ, ಅದರ ಬೆಲೆಯನ್ನು ದಿನಾ ನೋಡುವ ಹುಡುಗ, ಕೊನೆಗೊಂದು ದಿನ ಅದನ್ನು ತಂದುಕೊಡುವ ಇನ್ನೊಬ್ಬ ಹುಡುಗ, ಇಬ್ಬರೂ ಬಾಗಿಲಲ್ಲಿ ಅರ್ಧ ನಿಮಿಷ ಎದುರುಬದುರಾಗಿ ನಿಲ್ಲುವುದು: ಇದು ಕನ್ನಡದ ಕಥೆಯಾಗಲು ಏನೂ ಕೊರತೆಯಿಲ್ಲ. ಆ ಅರ್ಧ ನಿಮಿಷದಲ್ಲಿ ಒಬ್ಬ ‘ತರಿಸಿದವ’, ಇನ್ನೊಬ್ಬ ‘ತಂದವ’. ನಾಳೆ ಅವರ ಜಾಗ ಅದಲುಬದಲಾಗಬಹುದು. ಅದನ್ನು ಬರೆಯುವವರು ಬರುವವರೆಗೆ ವಿಮರ್ಶೆ ಕನಿಷ್ಠಪಕ್ಷ ಆ ಇಬ್ಬರಿಗೂ ಸಲ್ಲುವ ಪದಗಳನ್ನು ಹುಡುಕಿಡಬಹುದು.