ಹಕ್ಕಿಯ ಕಣ್ಣಷ್ಟೇ ಸಾಲದು

ಎಸ್ಸೆಸ್ಸೆಲ್ಸಿ ಮಕ್ಕಳ ಬೀಳ್ಕೊಡುಗೆ ಇರಲಿ, ಸ್ಪರ್ಧಾತ್ಮಕ ಪರೀಕ್ಷೆಯ ಕಾರ್ಯಾಗಾರ ಇರಲಿ, ನಮ್ಮ ಭಾಗದ ವೇದಿಕೆಗಳ ಮೇಲೆ ಕೇಳುವುದು ಒಂದೇ ಉಪದೇಶ: ಗುರಿ ಇಟ್ಟುಕೊಳ್ಳಿ, ಅರ್ಜುನನಂತೆ ಹಕ್ಕಿಯ ಕಣ್ಣನ್ನಷ್ಟೇ ನೋಡಿ, ಗೆಲುವು ನಿಮ್ಮದೇ. ಚಿಮ್ಮಡ, ಬನಹಟ್ಟಿ, ಮುಧೋಳ, ಬೀಳಗಿ ಕಡೆಯ ಹುಡುಗ ಹುಡುಗಿಯರು ಇದನ್ನು ನಂಬಿ ಧಾರವಾಡ, ವಿಜಯಪುರಗಳ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಓದುತ್ತಾರೆ. ಹಬ್ಬಕ್ಕೆ ಊರಿಗೆ ಬಂದರೆ ಕಟ್ಟೆಯ ಮೇಲೆ ಕೂತವರ ಪ್ರಶ್ನೆ: ‘ಏನಪಾ, ಆತೇನು ನೌಕರಿ?’ ಆಗಿಲ್ಲವೆಂದರೆ ತೀರ್ಪು ಸಿದ್ಧವಾಗಿರುತ್ತದೆ: ಲಕ್ಷ್ಯ ಕೊಟ್ಟು ಓದಿಲ್ಲ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಗುರಿ ಕೈಗೂಡಲು ಏಕಾಗ್ರತೆ ಬೇಕು, ನಿಜ. ಆದರೆ ಗೆಲುವು ಸೋಲು ಎರಡನ್ನೂ ಏಕಾಗ್ರತೆಯೊಂದರ ತಲೆಗೆ ಕಟ್ಟುವುದು ಸುಳ್ಳು, ಸೋತ ಮಕ್ಕಳಿಗೆ ಮಾಡುವ ಅನ್ಯಾಯ.

ಮೊದಲು ಆ ಹಕ್ಕಿಯ ಕಥೆಯನ್ನೇ ನೋಡೋಣ. ಮರದ ಮೇಲೆ ಹಕ್ಕಿಯನ್ನು ಇರಿಸಿದವನು ದ್ರೋಣ. ಬಿಲ್ಲು ಕೊಟ್ಟು, ವರ್ಷಗಳ ಕಾಲ ತಿದ್ದಿ, ಎಲ್ಲಿ ನೋಡಬೇಕೆಂದು ಕಲಿಸಿದವನೂ ಅವನೇ. ಅರ್ಜುನನ ನೋಟದ ಹಿಂದೆ ಗುರುವಿದ್ದ, ಅರಮನೆಯಿತ್ತು. ಅದೇ ಮಹಾಭಾರತದಲ್ಲಿ ಏಕಲವ್ಯನೂ ಇದ್ದಾನೆ. ಗುರುವಿಲ್ಲದೆ, ಮಣ್ಣಿನ ಮೂರ್ತಿಯೆದುರು ಬಿಲ್ಲು ಹಿಡಿದು ಕಲಿತ ಅವನ ಏಕಾಗ್ರತೆಯಲ್ಲಿ ಕೊರತೆ ಹುಡುಕುವವರುಂಟೇ? ಆದರೂ ಅವನು ಹೆಬ್ಬೆರಳು ಕಳೆದುಕೊಂಡ. ಅರ್ಜುನನ ಕಥೆ ಹೇಳಿ ಏಕಲವ್ಯನ ಕಥೆ ಬಿಡುವ ಭಾಷಣಕಾರ ಅರ್ಧ ಪಾಠವನ್ನಷ್ಟೇ ಹೇಳುತ್ತಿದ್ದಾನೆ.

ವೇದಿಕೆಗಳಲ್ಲಿ ಓಡಾಡುವ ಇನ್ನೊಂದು ಕಥೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ್ದು. 1953ರಲ್ಲಿ ಅಲ್ಲಿಂದ ಹೊರಬಿದ್ದವರಲ್ಲಿ ನೂರಕ್ಕೆ 3 ಜನ ಮಾತ್ರ ಗುರಿಯನ್ನು ಬರೆದಿಟ್ಟುಕೊಂಡಿದ್ದರಂತೆ. 20 ವರ್ಷ ಕಳೆದ ಮೇಲೆ ಆ ಮೂವರ ಗಳಿಕೆ ಉಳಿದ 97 ಜನರ ಒಟ್ಟು ಗಳಿಕೆಗಿಂತ ಹೆಚ್ಚಿತ್ತಂತೆ. ಅಂಥ ಅಧ್ಯಯನ ನಡೆದೇ ಇಲ್ಲ. ಪತ್ರಕರ್ತರು ಹುಡುಕಿದರು, ಯೇಲ್‌ನವರೇ ಹುಡುಕಿದರು. ಯಾವ ದಾಖಲೆಯೂ ಸಿಗಲಿಲ್ಲ. ಇಲ್ಲದ ಸಂಶೋಧನೆಯ ಬಲದಿಂದ ನಮ್ಮ ಮಕ್ಕಳಿಗೆ ಬದುಕಿನ ಪಾಠ ಹೇಳುವುದು ನಿಲ್ಲಬೇಕು.

ನಿಜವಾಗಿ ನಡೆದ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ಗುರಿಯ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಮನೋವಿಜ್ಞಾನಿಗಳು ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್. ಅಮೆರಿಕದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿ ಚಾಲಕರ ಮೇಲೆ ಲೇಥಮ್ ನಡೆಸಿದ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ‘ಆದಷ್ಟು ಹೇರಿ’ ಎಂದಾಗ ಅವರು ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟನ್ನಷ್ಟೇ ಹೇರುತ್ತಿದ್ದರು. ಶೇ 94 ಎಂಬ ಖಚಿತ ಗುರಿ ಕೊಟ್ಟ ಮೇಲೆ ಆ ಮಟ್ಟದ ಸಮೀಪಕ್ಕೆ ಬಂದರು. ಗುರಿಗೆ ಬಲವಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿ ಪ್ರತಿ ಲೋಡೂ ಕಾಟಾದ ಮೇಲೆ ತೂಗುತ್ತಿತ್ತು. ಎಷ್ಟು ಹೇರಿದೆ, ಎಷ್ಟು ಉಳಿದಿದೆ ಎಂಬುದು ಚಾಲಕನಿಗೆ ಅಂದೇ ತಿಳಿಯುತ್ತಿತ್ತು. ಗುರಿ ಖಚಿತವಿರಬೇಕು, ಅದನ್ನು ಮುಟ್ಟುವ ಸಾಮರ್ಥ್ಯ ಮತ್ತು ಸಾಧನ ಇರಬೇಕು, ಹೋಗುತ್ತಿರುವ ದಾರಿ ಸರಿಯೇ ಎಂದು ಆಗಾಗ ಗೊತ್ತಾಗುತ್ತಿರಬೇಕು: ಲಾಕ್ ಮತ್ತು ಲೇಥಮ್ ಹೇಳುವ ಷರತ್ತುಗಳಿವು. ನಮ್ಮ ಭಾಷಣಗಳು ಗುರಿಯನ್ನು ಹಿಡಿದುಕೊಂಡು ಷರತ್ತುಗಳನ್ನು ಕೈಬಿಟ್ಟಿವೆ.

ಕೋಣೆಯಲ್ಲಿ ಓದುವ ಹುಡುಗನಿಗೆ ಈ ಷರತ್ತುಗಳಲ್ಲಿ ಎಷ್ಟು ಸಿಗುತ್ತವೆ? 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟಿನಲ್ಲಿ ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದವೇ ಕೆಟ್ಟಿತ್ತು. ಡಿಸೆಂಬರಿನಲ್ಲಿ ಮತ್ತೊಮ್ಮೆ ಪರೀಕ್ಷೆ ನಡೆಸಬೇಕಾಯಿತು. ಪ್ರಾಮಾಣಿಕವಾಗಿ ಓದಿದವನ ಎರಡು ವರ್ಷ ಹೀಗೆ ಕರಗಿದರೆ, ಕನ್ನಡದಲ್ಲೇ ಓದಿದವಳಿಗೆ ಕನ್ನಡದ ಪ್ರಶ್ನೆಯೇ ಅರ್ಥವಾಗದಿದ್ದರೆ, ಅದರಲ್ಲಿ ಅವರ ಲಕ್ಷ್ಯದ ದೋಷವೇನು?

‘ಛಲವಿಲ್ಲದೆ ಯಾರು ಮೇಲೆ ಬಂದಾರು? ಮುಧೋಳದ ರನ್ನನನ್ನು ನೋಡಿ’ ಎಂದು ಹಿರಿಯರು ಕೇಳಬಹುದು. ರನ್ನನನ್ನು ಸರಿಯಾಗಿಯೇ ನೋಡೋಣ. ಬಳೆಗಾರರ ಮನೆಯಲ್ಲಿ ಹುಟ್ಟಿದವನು ವಿದ್ಯೆಯ ಹಂಬಲದಿಂದ ದೂರದ ಶ್ರವಣಬೆಳಗೊಳದತ್ತ ನಡೆದ. ಛಲವಿತ್ತು, ಸಂದೇಹವಿಲ್ಲ. ಅಲ್ಲಿ ಅಜಿತಸೇನಾಚಾರ್ಯರು ಗುರುವಾಗಿ ಸಿಕ್ಕರು, ಚಾವುಂಡರಾಯ ಆಸರೆಯಾದ. 993ರಲ್ಲಿ ‘ಅಜಿತಪುರಾಣ’ ಬರೆಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ತನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ ಕವಿಗೆ ತಾನು ಯಾರ ನೆರವಿನಿಂದ ಮೇಲೆ ಬಂದೆ ಎಂಬುದು ಚೆನ್ನಾಗಿ ತಿಳಿದಿತ್ತು. ಅವನು ನೆನೆದವರನ್ನು ನಾವು ಮರೆತು, ಛಲವನ್ನಷ್ಟೇ ಹೊಗಳುತ್ತೇವೆ.

ಇತ್ತೀಚಿನ ಉದಾಹರಣೆ ಬೇಕಿದ್ದರೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಹಾಕಿ, ಬೆವರು ಸುರಿಸಿ, 1989ರಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ ಮುಗಿಸಿದರು. ಶ್ರಮಬಿಂದು ಸಾಗರ ಎಂಬ ಹೆಸರೇ ಅದರ ಚರಿತ್ರೆ. ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಹೆಸರಾದರು. 1991ರಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ನಾಯಕನ ಹಟ ದೊಡ್ಡದೇ. ಆದರೆ ಸಾವಿರಾರು ರೈತರ ಗಂಟು ಬಿಚ್ಚದಿದ್ದರೆ ಆ ಹಟದಿಂದ ಒಂದು ಕಲ್ಲೂ ಏಳುತ್ತಿರಲಿಲ್ಲ.

ಇನ್ನು ಗುರಿಯನ್ನು ಬದಲಿಸುವ ಮಾತು. ಇದನ್ನು ನಾವು ಹೇಡಿತನ ಎನ್ನುತ್ತೇವೆ. ಬೇಸಿಗೆಗೆ ನೀರು ಸಾಲದೆಂದು ತಿಳಿದ ರೈತ ಕಬ್ಬು ಬಿಟ್ಟು ಗೋವಿನಜೋಳ ಹಾಕಿದರೆ ಅವನನ್ನು ಜಾಣ ಎನ್ನುವ ಊರು, ನಾಲ್ಕು ಬಾರಿ ಪರೀಕ್ಷೆ ಬರೆದು ಬೇರೆ ಕೆಲಸ ಹಿಡಿದ ಮಗನನ್ನು ಸೋತವನೆಂದು ಕರೆಯುತ್ತದೆ. ಕೈಗೆಟುಕದ ಗುರಿಯನ್ನು ಬಿಟ್ಟು ಹೊಸದನ್ನು ಹಿಡಿಯಬಲ್ಲವರ ಮನಸ್ಸು ಹೆಚ್ಚು ನೆಮ್ಮದಿಯಿಂದಿರುತ್ತದೆ ಎಂದು ಕಾರ್ಸ್ಟನ್ ರಾಶ್ ಮತ್ತು ಸಂಗಡಿಗರು 2003ರಲ್ಲೇ ತೋರಿಸಿದ್ದಾರೆ.

ಮೊಬೈಲು ಓದನ್ನು ಕೆಡಿಸುತ್ತಿಲ್ಲವೇ ಎಂದರೆ, ಕೆಡಿಸುತ್ತಿದೆ. ಅದಕ್ಕೂ ಉಪದೇಶ ಮದ್ದಲ್ಲ. ‘ಚೆನ್ನಾಗಿ ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಬೆಳಿಗ್ಗೆ ಚಹಾ ಆದ ಕೂಡಲೇ ಮೊಬೈಲನ್ನು ಅವ್ವನ ಕೈಗೆ ಕೊಟ್ಟು ಗಣಿತಕ್ಕೆ ಕೂರುತ್ತೇನೆ’ ಎಂಬ ನಿರ್ಧಾರ ಹೆಚ್ಚು ಉಳಿಯುತ್ತದೆ. ಯಾವಾಗ, ಎಲ್ಲಿ, ಏನು ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೇಳಿದ್ದನ್ನು ಮಾಡುವುದು ಹೆಚ್ಚು ಎಂಬುದು ಪೀಟರ್ ಗೋಲ್‌ವಿಟ್ಸರ್ ಅವರ ಅಧ್ಯಯನಗಳ ಸಾರ. ಈ ನಿರ್ಧಾರದಲ್ಲೂ ಅವ್ವನಿದ್ದಾಳೆ ಎಂಬುದನ್ನು ಗಮನಿಸಿ.

ಹಾಗಾಗಿ ಮಕ್ಕಳನ್ನು ಓದಿಗೆ ಕಳಿಸುವ ದಿನವೇ ಮನೆಯವರೆಲ್ಲ ಕೂತು ಮಾತಾಡಬೇಕು: ಎಷ್ಟು ವರ್ಷ, ಎಷ್ಟು ದುಡ್ಡು, ಆರು ತಿಂಗಳಿಗೊಮ್ಮೆ ಪ್ರಗತಿ ನೋಡುವವರು ಯಾರು, ಜೊತೆಗೆ ಕಲಿಯುವ ಇನ್ನೊಂದು ಕಸುಬು ಯಾವುದು. ಕಾರ್ಯಾಗಾರ ಏರ್ಪಡಿಸುವವರು ಭಾಷಣಕ್ಕೆ ಕೊಡುವ ದುಡ್ಡನ್ನು ಊರ ಗ್ರಂಥಾಲಯದ ಪುಸ್ತಕಕ್ಕೆ, ಅಣಕು ಪರೀಕ್ಷೆಗೆ ಕೊಡಲಿ. ಸರ್ಕಾರ ಪರೀಕ್ಷೆಯನ್ನು ಹೊತ್ತಿಗೆ ಸರಿಯಾಗಿ, ಶುದ್ಧ ಕನ್ನಡದಲ್ಲಿ, ಕಳಂಕವಿಲ್ಲದೆ ನಡೆಸಲಿ. ಇಷ್ಟು ಮಾಡಿದ ಮೇಲೆ ಬೇಕಾದರೆ ಮಕ್ಕಳ ಲಕ್ಷ್ಯವನ್ನು ಪ್ರಶ್ನಿಸೋಣ. ಅಲ್ಲಿಯವರೆಗೆ ಆ ಪ್ರಶ್ನೆ ಕೇಳುವ ಅಧಿಕಾರ ನಮಗಿಲ್ಲ.